ತೋಳಿನ ಮೇಲಿನ ಭಾರ

ಆಕೆ ಮೊದಲ ಸಲ ನನ್ನ ಹತ್ತಿರ ಬಂದದ್ದು ಕಬ್ಬಿನ ಹಂಗಾಮಿನಲ್ಲಿ. ಜಮಖಂಡಿಯಲ್ಲಿ ನಾನು ಫಿಜಿಯೊಥೆರಪಿ ಮಾಡುತ್ತಿದ್ದ ಕೋಣೆ ಒಂದು ಔಷಧಿ ಅಂಗಡಿಯ ಹಿಂಭಾಗದಲ್ಲಿತ್ತು. ಟ್ರ್ಯಾಕ್ಟರುಗಳ ಸದ್ದಿಗೆ ಕಿಟಕಿ ಮುಚ್ಚಿಕೊಂಡೇ ಕೆಲಸ ಮಾಡಬೇಕಾಗುತ್ತಿತ್ತು. ಬೀಳಗಿ ಕಡೆಯಿಂದ ಬಸ್ಸು ಹಿಡಿದು ಗಂಡನ ಜೊತೆ ಬಂದಿದ್ದಳು. ವಯಸ್ಸು ಐವತ್ತರ ಆಸುಪಾಸು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಎಡ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದು, ಆಮೇಲೆ ರೇಡಿಯೇಷನ್ನಿನ ಕರೆಂಟು ಕೊಟ್ಟಿದ್ದರು. ಕ್ಯಾನ್ಸರ್ ಹೋಗಿತ್ತು. ಆದರೆ ಎಡಗೈ ಭುಜದಿಂದ ಬೆರಳಿನವರೆಗೆ ಬಾತುಕೊಂಡು, ಕುಬಸದ ತೋಳನ್ನು ಹೊಲಿಗೆ ಬಿಚ್ಚಿ ಹಾಕಿಕೊಳ್ಳುವ ಹಾಗಾಗಿತ್ತು.

ಇದು ನನಗೆ ಹೊಸದಲ್ಲ. ಕೈಯಿಂದ ಮೇಲೇರುವ ನೀರಿನಂಥ ರಸ ಕಂಕುಳಿನ ಗಂಟುಗಳ ಮೂಲಕ ಹಾದು ಹೋಗಬೇಕು. ಗಂಟುಗಳೇ ಇಲ್ಲದಾಗ ಅದು ಕೈಯಲ್ಲೇ ನಿಲ್ಲುತ್ತದೆ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ದಿನಾ ಬಿಗಿ ಬಟ್ಟೆಯ ಪಟ್ಟಿ ಸುತ್ತಿ, ವ್ಯಾಯಾಮ ಮಾಡಿ, ಗಾಯವಾಗದಂತೆ ಕಾಯ್ದುಕೊಂಡರೆ ಬಾವು ಇಳಿಯುತ್ತದೆ. ಬಿಟ್ಟರೆ ಏರುತ್ತದೆ. ಏರಿದ ಕೈಗೆ ಒಂದು ಮುಳ್ಳು ಚುಚ್ಚಿದರೂ ಸಾಕು, ನಂಜೇರಿ ಜ್ವರ ಬರುತ್ತದೆ.

ಆ ನಂಜನ್ನು ನಾನು ಹಿಂದಿನ ವರ್ಷವಷ್ಟೇ ಕಂಡಿದ್ದೆ. ಬನಹಟ್ಟಿಯ ನೇಕಾರರ ಮನೆಯ ಹೆಂಗಸೊಬ್ಬಳನ್ನು ಅವಳ ಅಣ್ಣ ಕರೆತಂದಿದ್ದ. ಕೈ ಕೆಂಪಗೆ ಕಾದ ಹೆಂಚಿನಂತಿತ್ತು. ಮುಟ್ಟಿ ನೋಡಿದವಳೇ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಅವಳು ಉಳಿಯಲಿಲ್ಲ. “ನಾಕ್ ದಿನದಿಂದ ಬ್ಯಾನಿ ಇತ್ತ್ರಿ, ತಾನs ಇಳಿತೈತಿ ಅಂತ ಸುಮ್ಕಿದ್ಳು” ಎಂದು ಅಣ್ಣ ಹೇಳಿದ್ದ. ಅವಳನ್ನು ನಾನು ನೋಡಿದ್ದು ಆ ಒಂದೇ ಸಲ. ಆದರೂ ಆ ಕೈಯ ಬಿಸಿ ನನ್ನ ಅಂಗೈಯನ್ನು ಬಿಟ್ಟು ಹೋಗಲಿಲ್ಲ. ಬೇರೆಯವರ ಕೈ ಮುಟ್ಟುವಾಗಲೂ ಮೊದಲು ಅದೇ ನೆನಪಾಗುತ್ತಿತ್ತು. ಕೈ ಏರುತ್ತಿರುವುದು ಮನೆಯಲ್ಲೇ, ಮೊದಲ ದಿನವೇ ತಿಳಿಯುವ ಹಾಗೆ ಏನಾದರೂ ಮಾಡಬೇಕೆಂದು ಅಂದಿನಿಂದ ಯೋಚಿಸುತ್ತಿದ್ದೆ.

ಮಾಡಿದ್ದು ದೊಡ್ಡದೇನಲ್ಲ. ಮುಧೋಳದ ಪೇಟೆಯಲ್ಲಿ ದರ್ಜಿಗಳು ಕೊಳ್ಳುವ ಅಳತೆಪಟ್ಟಿ ಸಿಗುತ್ತದೆ. ಎಳೆದರೆ ಹಿಗ್ಗದಂಥವನ್ನು ಉಕ್ಕಿನ ಸ್ಕೇಲಿಗೆ ಹಚ್ಚಿ ನೋಡಿ ಆರಿಸಿ ತಂದೆ. ಒಬ್ಬೊಬ್ಬರಿಗೆ ಮೂರು ಪಟ್ಟಿ: ಮಣಿಕಟ್ಟಿಗೆ ಒಂದು, ಮುಂಗೈಗೆ ಒಂದು, ಮೊಣಕೈ ಮೇಲಕ್ಕೆ ಒಂದು. ಅಂಕಿ ಓದಲು ಬಾರದವರೇ ಹೆಚ್ಚು. ಹಾಗಾಗಿ ಅಂದು ಕೈ ಎಷ್ಟು ದಪ್ಪವಿದೆಯೋ ಅಲ್ಲಿ ಪಟ್ಟಿಗೆ ಹಸಿರು ದಾರ ಹೊಲಿದೆ. ಎಷ್ಟಾದರೆ ತಡಮಾಡದೆ ಬರಬೇಕೋ ಅಲ್ಲಿ ಕೆಂಪು ದಾರ. ಬೆಳಿಗ್ಗೆ ಎದ್ದ ಮೇಲೆ, ಕಸ ಮುಸುರೆಗೆ ಕೈ ಹಚ್ಚುವ ಮೊದಲು, ಪಟ್ಟಿಯನ್ನು ಚರ್ಮಕ್ಕೆ ತಾಗಿಸಿ ಸುತ್ತಬೇಕು. ಬಿಗಿಯಲೂಬಾರದು, ಸಡಿಲ ಬಿಡಲೂಬಾರದು. ದಿನಾ ಅದೇ ಜಾಗದಲ್ಲಿ ಸುತ್ತಿದರೆ ಮಾತ್ರ ಅಳತೆಗೆ ಅರ್ಥ. ಅದಕ್ಕೆಂದು ಕೈಮೇಲೆ ಪೆನ್ನಿನಿಂದ ಮೂರು ಚುಕ್ಕೆ ಇಟ್ಟು, ಅಳಿಸುವ ಮುಂಚೆ ತಿದ್ದಿಕೊಳ್ಳಿರಿ ಎನ್ನುತ್ತಿದ್ದೆ.

ಆಕೆಗೂ ಹಾಗೇ ಹೇಳಿಕೊಟ್ಟೆ. ಬೇಗ ಕಲಿತಳು. ಮುಂದಿನ ವಾರ ಬಂದಾಗ ಚುಕ್ಕೆಗಳಿರಲಿಲ್ಲ. ಮತ್ತೆ ಇಟ್ಟೆ. ಅದರ ಮುಂದಿನ ವಾರವೂ ಇರಲಿಲ್ಲ. ಆ ಜಾಗದಲ್ಲಿ ತಿಕ್ಕಿದ ಗುರುತಿತ್ತು.

“ಯಾಕ್ರೀ ಅವ್ವಾರ, ಅಳಿಸಿ ಬಿಟ್ಟೀರಿ?” ಎಂದೆ.

“ಜಳಕಾ ಮಾಡಿದಾಗ ಹೋಗ್ಯಾವ್ರಿ ಬಾಯಾರ” ಎಂದಳು. ನನ್ನ ಮುಖ ನೋಡಲಿಲ್ಲ.

ಹೊರಗೆ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಅವಳ ಗಂಡ ನನಗೆ ಬೇರೆ ಕಾರಣ ಹೇಳಿದ. ಅವರದು ಗಲಗಲಿಯಿಂದ ಕೆಳಗೆ, ಹೊಳೆಯ ದಂಡೆಯಲ್ಲಿದ್ದ ಹಳ್ಳಿ. ಬೀರಪ್ಪನ ಒಕ್ಕಲು, ಕುರಿ ಮತ್ತು ಹೊಲ ಎರಡೂ ಇದ್ದ ಮನೆತನ. ಆಲಮಟ್ಟಿಯ ಹಿನ್ನೀರು ಬಂದು ಊರು ಮುಳುಗಿತು. ಈಗ ಪುನರ್ವಸತಿ ಕೇಂದ್ರದಲ್ಲಿ ಮನೆ.

“ನೀರ ಬರೂ ಮೊದಲ ಸರಕಾರದವ್ರು ನಮ್ಮ ಮನಿ ಗ್ವಾಡಿಗೆ ಕೆಂಪು ಬಣ್ಣದಾಗ ಗೆರಿ ಎಳದು ಹೋಗಿದ್ರು, ಇಲ್ಲೀತನ ನೀರು ಬರ್ತೈತಿ ಅಂತ” ಎಂದ. “ಗುರುತ ಹಾಕಿದ್ದಕ್ಕs ನೀರ ಬಂತು ಅಂತಾಳ್ರಿ ಇಕಿ. ಆ ಗೆರಿ ದಿನಾ ಸಗಣಿ ಹಚ್ಚಿ ಸಾರಸಾಕಿ. ಈಗ ಮೈಮ್ಯಾಲ ಗುರುತು ಅಂದ್ರ ಹೆಂಗ್ರಿ ಮತ್ತ?”

ಈ ಮಾತು ನನಗೆ ಸರಿಯೆನಿಸಿತು. ಗುರುತೇ ಬೇಡವೆಂದು, ಬೇವಿನ ಕೋಲೊಂದನ್ನು ಅವಳ ಕೈಯ ಉದ್ದಕ್ಕೆ ಕತ್ತರಿಸಿ, ಮೂರು ಕಡೆ ಕಚ್ಚು ಮಾಡಿ ಕೊಟ್ಟೆ. ಚಾಪೆಯ ಮೇಲೆ ಕೈ ಚಾಚಿ, ನಡುಬೆರಳಿನ ತುದಿಗೆ ಕೋಲಿನ ತುದಿ ಹಚ್ಚಿಟ್ಟರೆ, ಕಚ್ಚು ಎಲ್ಲಿದೆಯೋ ಅಲ್ಲಿ ಪಟ್ಟಿ ಸುತ್ತುವುದು. ಚುಕ್ಕೆಗಿಂತ ಇದೇ ವಾಸಿ ಎನಿಸಿ, ಆಮೇಲೆ ಎಲ್ಲರಿಗೂ ಕೋಲನ್ನೇ ಕೊಟ್ಟೆ. ಬಾವು ಇಳಿಯಲು ದಿನವೆಲ್ಲ ಸುತ್ತಿಕೊಂಡಿರಲೆಂದು ಬನಹಟ್ಟಿಯಿಂದ ಹೆಚ್ಚು ಹಿಗ್ಗದ ಹತ್ತಿಯ ಪಟ್ಟಿಗಳನ್ನು ನೇಯಿಸಿ ತಂದಿದ್ದೆ. ಒಳಗೆ ಮೆತ್ತನೆ ಅರಿವೆ, ಮೇಲೆ ಆ ಪಟ್ಟಿ, ಬೆರಳಿನ ಕಡೆ ಬಿಗಿ, ಭುಜದ ಕಡೆ ಸಡಿಲ. ಸುತ್ತುವುದನ್ನೂ ಆಕೆ ಕಲಿತಳು.

ಇಷ್ಟಾಗಿಯೂ ಕೈ ಇಳಿಯಲಿಲ್ಲ. “ಹಸಿರು ದಾರಕ್ಕs ಬರ್ತೈತ್ರಿ” ಎಂದು ಪ್ರತಿ ವಾರ ಆಕೆ ಹೇಳುತ್ತಿದ್ದಳು. ನಾನು ಅಳತೆಪಟ್ಟಿ ಸುತ್ತಿದರೆ ಹಸಿರು ದಾಟಿ ಕೆಂಪಿನ ಕಡೆ ಸಾಗಿರುತ್ತಿತ್ತು. ಅಳತೆಪಟ್ಟಿಯೇ ಹಿಗ್ಗಿತೇ ಎಂದು ಸ್ಕೇಲಿಗೆ ಹಚ್ಚಿ ನೋಡಿದೆ. ಇಲ್ಲ. ಕೋಲು ಬದಲಾಯಿತೇ ಎಂದರೆ ಅದೂ ಇಲ್ಲ. ಮೈಯೇ ದಪ್ಪವಾಗುತ್ತಿದೆಯೇ ಎಂದು ಬಲಗೈಯನ್ನೂ ಅಳೆದೆ. ಅದು ಇದ್ದ ಹಾಗೇ ಇತ್ತು. ಎಲ್ಲೋ ಏನೋ ತಪ್ಪುತ್ತಿದೆ, ಮನೆಗೇ ಹೋಗಿ ನೋಡಬೇಕು ಅನಿಸಿತು.

ಬೀಳಗಿಯಲ್ಲಿ ಬೇರೊಬ್ಬ ರೋಗಿಯನ್ನು ನೋಡುವುದಿದ್ದ ಒಂದು ಮಧ್ಯಾಹ್ನ, ಹೇಳದೆ ಕೇಳದೆ ಅವರ ಕೇಂದ್ರಕ್ಕೆ ಹೋದೆ. ಒಂದೇ ಅಳತೆಯ ಮನೆಗಳು, ನೇರ ಓಣಿಗಳು, ಇನ್ನೂ ನೆರಳು ಕೊಡುವಷ್ಟು ಬೆಳೆಯದ ಗಿಡಗಳು. ಬಿಸಿಲಿಗೆ ಓಣಿಯಲ್ಲಿ ಯಾರೂ ಇರಲಿಲ್ಲ. ಅವಳ ಮನೆಯ ಬಾಗಿಲು ತೆರೆದಿತ್ತು. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಒಳಮುಖವಾಗಿ ಕುಳಿತಿದ್ದಳು. ನಾನು ಬಂದದ್ದು ತಿಳಿಯಲಿಲ್ಲ. ಸುತ್ತಿಕೊಂಡಿರಬೇಕಾದ ಹತ್ತಿಯ ಪಟ್ಟಿ ಬಿಚ್ಚಿ, ನೀಟಾಗಿ ಸುರುಳಿ ಮಾಡಿ ಪಕ್ಕದಲ್ಲಿಟ್ಟಿದ್ದಳು. ಬಾತ ಎಡಗೈ ಮಡಿಲಲ್ಲಿತ್ತು. ಅದರ ಮೇಲೆ ಸೆರಗು ಹೊದಿಸಿ, ಬಲಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ಮೈ ಹಿಂದೆ ಮುಂದೆ ತೂಗುತ್ತಿತ್ತು. ಬಾಯಲ್ಲಿ ಜೋಗುಳ.

ಆ ದನಿ ಕೇಳಿ ನನಗೆ ತಿರುಗಿ ಹೋಗಬೇಕೆನಿಸಿತು. ಅಷ್ಟರಲ್ಲಿ ನನ್ನ ನೆರಳು ಒಳಗೆ ಬಿದ್ದು ಆಕೆ ತಿರುಗಿ ನೋಡಿದಳು. ಗಾಬರಿಯಾಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದಳು.

ತೋಳಿನ ಮೇಲಿನ ಸೆರಗು ಸರಿಮಾಡಿ, ದನಿ ತಗ್ಗಿಸಿ ಆಕೆಯೇ ಮಾತಾಡಿದಳು.

“ನಿಮಗ ಹೇಳಬೇಕಂತ ಭಾಳ ಸಲ ಅನಸ್ತಿತ್ರಿ. ನಗ್ತೀರೇನೋ ಅಂತ ಸುಮ್ಕಿದ್ದೆ.”

“ಹೇಳ್ರಿ, ನಗಂಗಿಲ್ಲ.”

“ಇದು ಬಾವು ಅಲ್ರಿ, ನನ್ನ ಮಗಳು.”

ಅವಳಿಗೊಬ್ಬ ಮಗಳಿದ್ದಳಂತೆ. ನಡೆಯಲು ಕಲಿತಿದ್ದರೂ ಎತ್ತಿಕೊಳ್ಳದೆ ಬಿಡದ ಕೂಸು. ಯಾವಾಗಲೂ ಎಡ ತೋಳಿನ ಮೇಲೆ. ರೊಟ್ಟಿ ಬಡಿಯುವಾಗ ಬಿಟ್ಟರೆ ಇನ್ನೆಲ್ಲ ಹೊತ್ತೂ ಅಲ್ಲೇ. ಒಂದು ಮಳೆಗಾಲ ಜ್ವರ ಬಂತು. ಹೊಳೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯ ದವಾಖಾನೆಗೆ ಹೋಗಲು ನಾವೆಯವನು ನಾವೆ ಬಿಡಲಿಲ್ಲ. ಕೂಸು ಆ ತೋಳಿನ ಮೇಲೇ ಹೋಯಿತು. ತಮ್ಮದೇ ಹೊಲದಲ್ಲಿ, ಬಾವಿಯ ಪಕ್ಕ ಮಣ್ಣು ಮಾಡಿದರು. ಎಷ್ಟೋ ವರ್ಷದ ಮೇಲೆ ಹಿನ್ನೀರು ಬಂದು ಹೊಲವೂ ಮುಳುಗಿತು.

“ಊರು ಬಿಡುವಾಗ ಎಲ್ಲಾ ಹೇರಿಕೊಂಡ ಬಂದ್ವಿ. ಬಾಗಲಾ, ತೊಲಿ, ಬೀಸೂ ಕಲ್ಲು ಸೈತ. ಅಕಿನ್ನ ಬಿಟ್ಟು ಬಂದ್ವಿ. ನೀರಾಗ ಒಬ್ಬಾಕಿನs ಇರ್ತಾಳಂತ ನನಗ ನಿದ್ದಿ ಇರಲಿಲ್ರಿ. ಆಮ್ಯಾಲ ಈ ಬ್ಯಾನಿ ಬಂತು. ಎದಿ ತಗದ್ರು. ಮನಿಗೆ ಬಂದ ಮ್ಯಾಲ ಒಂದ ದಿನಾ ತೋಳು ಭಾರ ಅನಸ್ತು. ಆ ಭಾರ ನನಗ ಗುರ್ತ ಐತ್ರಿ ಬಾಯಾರ. ಅಕೀದs ಭಾರ. ನೀರಾಗಿಂದ ಎದ್ದು ಬಂದು ಕುಂತಾಳ.”

ನನ್ನ ಕಣ್ಣು ಅವಳ ಪಕ್ಕದಲ್ಲಿದ್ದ ಪಟ್ಟಿಯ ಸುರುಳಿಯ ಕಡೆ ಹೋಯಿತು.

“ನೀವು ಪಟ್ಟಿ ಸುತ್ತಿ ಇಳಿಸಬೇಕಂತೀರಿ” ಎಂದಳು. “ಅಕಿನ್ನ ಇನ್ನೊಮ್ಮಿ ಎಲ್ಲಿಗೆ ಕಳಸ್ಲಿ?”

ಜಮಖಂಡಿಗೆ ಹಿಂತಿರುಗುವ ಬಸ್ಸಿನಲ್ಲಿ ಯಾರೋ ತಾಯಿ ತನ್ನ ಮಗುವನ್ನು ತೋಳಿನ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ನಾನು ಜಾಗ ಬದಲಿಸಿ ಹಿಂದೆ ಹೋಗಿ ಕುಳಿತೆ.

ಆಪರೇಷನ್ ಮಾಡಿದ ಸರ್ಜನ್ನರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು “ಊಟ, ನಿದ್ದೆ, ಕೆಲಸ ಸರಿ ಇದೆಯಾ? ಅವರಿಗೆ ಅದರಿಂದ ಭಯ ಆಗ್ತಿದೆಯಾ?” ಎಂದು ಕೇಳಿದರು. ಭಯವಿಲ್ಲ, ಹಿಂದೆಂದೂ ಇಲ್ಲದ ನಿದ್ದೆ ಈಗ ಬರುತ್ತಿದೆಯಂತೆ ಎಂದೆ. “ಮುಂದಿನ ಸಲ ಬಂದಾಗ ಮನೋವೈದ್ಯರಿಗೂ ತೋರಿಸೋಣ. ಅಲ್ಲಿಯವರೆಗೆ ವಾದ ಮಾಡಬೇಡಿ. ಆದರೆ ಆ ಕೈಗೆ ನಂಜಾದರೆ ಜೀವಕ್ಕೇ ಕುತ್ತು ಬರುತ್ತದೆ, ನೆನಪಿರಲಿ” ಎಂದರು.

ಅದನ್ನು ನನಗೆ ನೆನಪಿಸಬೇಕಾಗಿರಲಿಲ್ಲ. ಬನಹಟ್ಟಿಯವಳ ಬಿಸಿ ಅಂಗೈಯಲ್ಲೇ ಇತ್ತು. ನನಗೆ ಕಂಡ ದಾರಿ ಎರಡು. ನಿಮ್ಮ ಮಗಳಲ್ಲ, ಬರೀ ಬಾವು ಎಂದು ಮತ್ತೆ ಮತ್ತೆ ಹೇಳುವುದು ಒಂದು. ಹಾಗೆ ಹೇಳಿದರೆ ಆಕೆ ನನ್ನ ಕೋಣೆಗೆ ಬರುವುದನ್ನೇ ನಿಲ್ಲಿಸುತ್ತಾಳೆ. ಇನ್ನೊಂದು ದಾರಿ ನನಗೆ ಸರಿಯೋ ತಪ್ಪೋ ತಿಳಿಯದ್ದು. ಆ ವಾರವೆಲ್ಲ ಅದನ್ನು ಮನಸ್ಸಿನಲ್ಲಿ ಹಿಂದೆ ಮುಂದೆ ಮಾಡಿ, ಕೊನೆಗೆ ಅದನ್ನೇ ಹಿಡಿದೆ. ಇಳಿಸುವ ಮಾತು ಬಿಟ್ಟುಬಿಡುವುದು. ಅಳತೆಯನ್ನಷ್ಟೇ ಉಳಿಸಿಕೊಳ್ಳುವುದು.

ಮುಂದಿನ ಸಲ ಬಂದಾಗ ಹೇಳಿದೆ: “ಅವ್ವಾರ, ಹತ್ತಿ ಪಟ್ಟಿ ಸುತ್ತೂದು ನಿಮಗ ಬ್ಯಾಡಂದ್ರ ಸದ್ಯ ಬಿಡ್ರಿ. ಆದರ ಅಂಗನವಾಡಿಯಾಗ ಕೂಸುಗಳನ್ನ ತೂಗಿ ನೋಡ್ತಾರಲ್ಲ, ಯಾಕ?”

“ಛಲೋ ಅದಾವೋ ಇಲ್ಲೋ ಅಂತ.”

“ಮತ್ತ ನೀವು ಸುಳ್ಳು ತೂಕಾ ಹೇಳಿದ್ರ ಹೆಂಗ?”

ಆಕೆ ತಲೆ ತಗ್ಗಿಸಿದಳು. ನಾನು ಮುಂದುವರಿಸಿದೆ. “ನೀವು ಅಳದದ್ದು ಖರೆ ಹೇಳ್ರಿ, ಅಷ್ಟs ಸಾಕು. ತೋಳು ಬಿಸಿ ಆದ್ರ, ಕೆಂಪು ಆದ್ರ, ಕೆಂಪು ದಾರ ಮುಟ್ಟಿದ್ರ, ಆ ದಿನಾನs ಬರಬೇಕು. ಮರುದಿನಾ ಅನ್ನಬಾರದು.”

“ಬಿಸಿ ಆದ್ರ?” ಎಂದು ಕೇಳಿದಳು. ಅವಳ ಬಲಗೈ ತಾನಾಗಿ ಎಡ ತೋಳನ್ನು ಮುಚ್ಚಿತು.

“ಹೌದ್ರಿ. ಜ್ವರಾ ಬಂದ್ರ.”

ಅಂದಿನಿಂದ ಆಕೆ ಸರಿಯಾಗಿ ಅಳೆಯತೊಡಗಿದಳು. ನಾನು ಸುತ್ತಿದರೂ ಅವಳು ಸುತ್ತಿದರೂ ಅಳತೆಪಟ್ಟಿ ಒಂದೇ ಕಡೆ ಬರುತ್ತಿತ್ತು. ಕೈ ಮಾತ್ರ ನಿಧಾನವಾಗಿ ಏರುತ್ತಲೇ ಇತ್ತು. ನನ್ನ ಕಣ್ಣೆದುರೇ ಏರುತ್ತಿರುವುದನ್ನು ಸುಮ್ಮನೆ ಅಳೆಯುತ್ತ ಕೂಡುವುದು ನಾನು ಮಾಡಿದ ಕೆಲಸಗಳಲ್ಲೇ ಕಷ್ಟದ್ದು. ಕೋಣೆಯಲ್ಲಿ ಒಬ್ಬಳೇ ಇದ್ದಾಗಲೂ ಆ ಜೋಗುಳ ಕೇಳಿದ ಹಾಗಾಗುತ್ತಿತ್ತು. ಕಿಟಕಿ ತೆಗೆದರೆ ಬರೀ ರಸ್ತೆಯ ಗದ್ದಲ.

ಚಳಿ ಮುಗಿಯುವ ದಿನಗಳಲ್ಲಿ ಒಂದು ಮುಂಜಾನೆ, ನಾನು ಕೋಣೆಯ ಬೀಗ ತೆಗೆಯುವ ಮೊದಲೇ ಅವರಿಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದರು. ಮೊದಲ ಬಸ್ಸಿಗೆ ಬಂದಿದ್ದರಂತೆ. ಆಕೆ ಚಾದರ ಹೊದ್ದು ನಡುಗುತ್ತಿದ್ದಳು. ಗಂಡನ ಕೈಯಲ್ಲಿ ಮೂರೂ ಅಳತೆಪಟ್ಟಿಗಳಿದ್ದವು.

“ಮೂರೂ ಕೆಂಪು ದಾರ ದಾಟ್ಯಾವ್ರಿ ಬಾಯಾರ” ಎಂದ. “ನಾ ಅಂದೆ, ಬಿಸಿಲೇರಲಿ, ಆಮ್ಯಾಲ ಹೋಗೂಣು ಅಂತ. ಇಕಿ ಕೇಳಲಿಲ್ಲ. ಚೀರಾಡಿ ಎಬ್ಬಿಸಿದಳ್ರಿ.”

ಮುಂಗೈಯಲ್ಲಿ ಜಾಲಿ ಮುಳ್ಳಿನ ಗೀರು. ಅಲ್ಲಿಂದ ಮೇಲಕ್ಕೆ ಕೆಂಪು ಹಬ್ಬುತ್ತಿತ್ತು. ಮುಟ್ಟಿದೆ. ಅದೇ ಬಿಸಿ. ಆಟೊ ಕರೆದು ಆಸ್ಪತ್ರೆಗೆ ಒಯ್ದೆವು. ನರದಲ್ಲಿ ಔಷಧಿ ಹಾಕಿದರು. ಜ್ವರದಲ್ಲಿ ಆಕೆ ನನ್ನ ಕೈ ಬಿಡಲಿಲ್ಲ.

“ಅಕಿ ಮೈ ಸುಡಾಕತ್ತೈತ್ರಿ ಬಾಯಾರ.”

“ಔಷಧಿ ಹಾಕ್ಯಾರ್ರಿ. ಇಳಿತೈತಿ.”

“ಹೊಳಿ ತುಂಬೇತೇನ್ರಿ?”

“ಇಲ್ರಿ, ಹೊಳಿ ತುಂಬಿಲ್ಲ. ನಾವು ದವಾಖಾನಿಗೆ ಬಂದೇವಿ.”

“ಬಂದೇವೇನು?”

“ಹೌದ್ರಿ. ಬಂದೇವಿ.”

ಇದನ್ನು ಎಷ್ಟು ಸಲ ಕೇಳಿದಳೋ ಅಷ್ಟು ಸಲ ಹೇಳಿದೆ. ಮಂಚದ ಆಚೆ ಬದಿಗೆ ಗಂಡ ನೆಲದ ಮೇಲೆ ಕುಳಿತು ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡಿದ್ದ. ಅವನ ಬೆನ್ನು ಅಲುಗುತ್ತಿತ್ತು. ಆ ಮಳೆಗಾಲ ದಂಡೆಯ ಮೇಲೆ ಅವನೂ ನಿಂತಿದ್ದನೆಂಬುದು ನನಗೆ ಆಗಲೇ ತೋಚಿದ್ದು.

ಕೆಂಪು ಮೊಣಕೈ ದಾಟಲಿಲ್ಲ. ಮೊದಲ ದಿನವೇ ಬಂದದ್ದು ಒಳ್ಳೆಯದಾಯಿತು ಎಂದು ವೈದ್ಯರು ಹೇಳಿದರು. ಜ್ವರ ಬಿಟ್ಟು ಆಕೆ ಮೊದಲ ಸಲ ಎದ್ದು ಕುಳಿತಾಗ, ತೋಳನ್ನು ಮುಟ್ಟಿ ಮುಟ್ಟಿ ನೋಡಿದಳು. ತಣ್ಣಗಿತ್ತು.

“ಈ ಸಲ ಉಳಸ್ಕೊಂಡ್ನಿ” ಎಂದಳು, ಯಾರಿಗೂ ಅಲ್ಲ ಎಂಬಂತೆ.

ಆಮೇಲೆ ಸರ್ಜನ್ನರು ಕಳಿಸಿದ ಮನೋವೈದ್ಯರ ಬಳಿಗೂ ಆಕೆ ಹೋಗಿ ಬಂದಳು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಬೇಸಿಗೆ ಬಂತು. ಹಿನ್ನೀರು ಹಿಂದೆ ಸರಿಯತೊಡಗಿತು. ಒಂದು ದಿನ ಅಳತೆ ಮುಗಿಸಿ ಎದ್ದು ನಿಂತವಳು, “ನಮ್ಮ ಹೊಲ ತೆರದೈತಂತ್ರಿ. ನೀವೂ ಬರ್ತೀರೇನು?” ಎಂದು ಕೇಳಿದಳು. ನನಗೆ ಹೋಗಲು ಭಯವಿತ್ತು. ಇಲ್ಲವೆನ್ನಲು ಅದಕ್ಕಿಂತ ಹೆಚ್ಚು ಭಯವಾಯಿತು.

ಬಿಸಿಲೇರುವ ಮೊದಲು ನಾವು ಮೂವರೂ ನಡೆದೆವು. ನೀರು ಬಿಟ್ಟುಹೋದ ನೆಲ ಬಿರುಕು ಬಿಟ್ಟು, ಕಾಲಿಟ್ಟರೆ ಹೆಂಚಿನಂತೆ ಮುರಿಯುತ್ತಿತ್ತು. ಅಲ್ಲಲ್ಲಿ ಮೊಣಕಾಲೆತ್ತರದ ಗೋಡೆಗಳು. ಒಂದು ಗೋಡೆಯಲ್ಲಿ ದೀಪದ ಗೂಡು ಹಾಗೇ ಉಳಿದು ಅದರೊಳಗೆ ಕೆಸರು ತುಂಬಿತ್ತು. ಓಣಿ ಇದ್ದ ಕಡೆ ಇಬ್ಬರೂ ಓಣಿಯಲ್ಲೇ ನಡೆದರು. ಗೋಡೆ ಇಲ್ಲದಿದ್ದರೂ ಮೂಲೆಯಲ್ಲಿ ತಿರುಗಿದರು. ನಾನು ಅವರ ಹಿಂದೆ ತಿರುಗಿದೆ. ಗಾಳಿ ಕೂಡ ಇರಲಿಲ್ಲ. ದೂರದಲ್ಲಿ ನೀರು ತವರದ ತಗಡಿನಂತೆ ಬಿದ್ದುಕೊಂಡಿತ್ತು.

ಬಾವಿಯ ಕಲ್ಲುಕಟ್ಟೆಯನ್ನು ಗಂಡ ಗುರುತು ಹಿಡಿದ. ಅದರ ಪಕ್ಕ ಬರೀ ಹೂಳು. ಕಲ್ಲಿಲ್ಲ, ಗುಡ್ಡೆಯಿಲ್ಲ. ಅವನು ಹೆಜ್ಜೆ ಹಾಕಿ ಅಳೆದು, ಒಂದು ಕಡೆ ನಿಂತು, ಆಕೆಗೆ ಜಾಗ ಬಿಟ್ಟು ಹಿಂದೆ ಸರಿದ.

ಆಕೆ ಅಲ್ಲಿ ಕುಳಿತಳು. ಎಡಗೈಯನ್ನು ಬಲಗೈಯಿಂದ ಎತ್ತಿ, ನಿದ್ದೆ ಹೋದ ಕೂಸನ್ನು ಇಳಿಸುವ ಹಾಗೆ ಮೆಲ್ಲಗೆ ನೆಲಕ್ಕೆ ಮುಟ್ಟಿಸಿದಳು.

“ಮನಿ ಬಂತು” ಎಂದಳು. “ಇಳಿ, ಯವ್ವಾ.”

ಬಹಳ ಹೊತ್ತು ಹಾಗೇ ಕುಳಿತಿದ್ದಳು. ಬಿಸಿಲು ಏರಿತು. ನಾನು ಬಾವಿಯ ಕಟ್ಟೆಯ ಹತ್ತಿರ ನಿಂತು ನನ್ನ ತೋಳುಗಳನ್ನು ನಾನೇ ಕಟ್ಟಿಕೊಂಡಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ. ಆಮೇಲೆ ಆಕೆ ತಾನೇ ಎದ್ದು, ಸೆರಗಿನ ಮಣ್ಣು ಕೊಡವಿ, ಹಿಂತಿರುಗಿ ನೋಡದೆ ನಡೆದಳು. ಗಂಡ ಮಾತ್ರ ನೋಡಿ ನೋಡಿ ಬರುತ್ತಿದ್ದ.

ಆ ವಾರ ಕೋಣೆಗೆ ಬಂದು ಆಕೆ ನನ್ನೆದುರೇ ಅಳೆದು ತೋರಿಸಿದಳು. ಅಳತೆಪಟ್ಟಿಗಳು ಮೂರೂ ಹೊಲಕ್ಕೆ ಹೋಗುವ ಮೊದಲು ಇದ್ದಲ್ಲೇ ಇದ್ದವು. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಯಾವ ಪವಾಡವನ್ನೂ ನಾನು ನಿರೀಕ್ಷಿಸಿರಲಿಲ್ಲ, ಆದರೂ ಆ ಪಟ್ಟಿಗಳನ್ನು ನೋಡಲು ನನಗೆ ಧೈರ್ಯ ಬೇಕಾಯಿತು. ಆಕೆ ಮಾತ್ರ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಸುರುಳಿ ಮಾಡಿಟ್ಟಿದ್ದ ಹತ್ತಿಯ ಪಟ್ಟಿಯನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟಳು.

“ಈಗ ಇದು ಬರೀ ಬಾವ್ರಿ. ಸುತ್ತೂದು ಇನ್ನೊಮ್ಮಿ ತೋರಸ್ರಿ, ಮರತೇನಿ.”

ಮರೆತಿರಲಿಲ್ಲ. ನಾನು ಬೆರಳಿನ ಸುತ್ತು ಮುಗಿಸುವಷ್ಟರಲ್ಲಿ ಉಳಿದದ್ದನ್ನು ಆಕೆಯೇ ಸುತ್ತಿಕೊಂಡಳು. ಪಟ್ಟಿ ಸುತ್ತಿಯೇ ರೊಟ್ಟಿ ಬಡಿದಳು, ದನಕ್ಕೆ ಮೇವು ಹಾಕಿದಳು. ಕೆಂಪು ದಾರದಿಂದ ಹಸಿರಿಗೆ, ಹಸಿರಿನಿಂದ ಕೆಳಕ್ಕೆ, ತಿಂಗಳುಗಳು ಹೋದ ಹಾಗೆ ಕೈ ಇಳಿಯುತ್ತ ಬಂತು. ನಾನು ಹಸಿರು ದಾರ ಬಿಚ್ಚಿ ಮತ್ತೆ ಮತ್ತೆ ಹಿಂದಕ್ಕೆ ಹೊಲಿದೆ. ಮಣಿಕಟ್ಟು, ಮುಂಗೈ ಎರಡೂ ಬಲಗೈಯ ಸಮಕ್ಕೆ ಬಂದವು. ಮೊಣಕೈ ಮೇಲೆ, ತೋಳಿನಲ್ಲಿ, ಕಿರುಬೆರಳಿನ ಅಗಲದಷ್ಟು ಬಾವು ಉಳಿಯಿತು. ಅದು ಇಳಿಯಲಿಲ್ಲ. ಇಂಥ ಕೈಗಳಲ್ಲಿ ಸ್ವಲ್ಪ ಉಳಿಯುವುದು ಸಾಮಾನ್ಯ. ಆದರೂ ಅಷ್ಟೊಂದನ್ನು ಇಳಿಸಿದ ಮೇಲೆ ಇದೊಂದು ಯಾಕೆ ಎಂಬ ಹಟ ನನಗೆ. ಇನ್ನೊಂದು ಪದರ ಸುತ್ತಿ, ತುಸು ಬಿಗಿ ಮಾಡಿ ನೋಡೋಣವೆಂದು ಪಟ್ಟಿಯ ತುದಿ ಹಿಡಿದೆ.

ಆಕೆ ಬಲಗೈಯನ್ನು ನನ್ನ ಕೈಮೇಲೆ ಇಟ್ಟಳು.

“ಬ್ಯಾಡ್ರಿ, ಬಾಯಾರ” ಎಂದಳು. “ಇಷ್ಟು ನನಗಿರ್ಲಿ.”

ನಾನು ಪಟ್ಟಿಯನ್ನು ಸಡಿಲ ಬಿಟ್ಟೆ.